ಪೋಪಟನ ಬಾಗಿಲಲ್ಲಿ ರಾಜ

ಇವತ್ತು ಮಧ್ಯಾಹ್ನ ಸಂಡಿಗೆ ತಿರುವಿಹಾಕಲು ಮಾಳಿಗೆ ಹತ್ತಿದೆ. ಬೀದರಿನ ಮೇ ತಿಂಗಳ ಬಿಸಿಲಿಗೆ ಸಂಡಿಗೆ ಎಷ್ಟು ಬೇಗ ಒಣಗುತ್ತದೋ ಅಂಗಾಲು ಅಷ್ಟೇ ಬೇಗ ಬೇಯುತ್ತದೆ ಎಂಬುದು ಈ ಊರಲ್ಲಿ ಅರ್ಧ ಆಯುಷ್ಯ ಕಳೆದ ನನಗೆ ಗೊತ್ತಿರಬೇಕಿತ್ತು. ಚಪ್ಪಲಿ ಕೆಳಗೇ ಬಿಟ್ಟು ಬಂದಿದ್ದೆ. ಎರಡು ಹೆಜ್ಜೆ ಇಡುವಷ್ಟರಲ್ಲಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಕುಣಿಯತೊಡಗಿದೆ. ಪಕ್ಕದ ಮಾಳಿಗೆಯಲ್ಲಿ ಜುಬೇದಾ ಆಪಾ ಬಟ್ಟೆ ಒಣಹಾಕುತ್ತಿದ್ದರು. ಬೇರೆ ದಿನವಾಗಿದ್ದರೆ ನಕ್ಕು ಏನಾದರೊಂದು ಅನ್ನುತ್ತಿದ್ದರು. ಆದರೆ ಹೋದ ವಾರ ಅವರ ಆಡು ನನ್ನ ಸಂಡಿಗೆ ತಿಂದಿತ್ತು, ಆಡಿಗೆ ಅನ್ನಬೇಕಾದ್ದನ್ನು ನಾನು ಆಪಾಗೂ ಸೇರಿಸಿ ಅಂದಿದ್ದೆ. ಅಂದಿನಿಂದ ಮಾತಿಲ್ಲ. ಮೊದಲು ಬಾಯಿ ತೆರೆಯಬೇಕಾದವರು ಯಾರು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅವರು ನನ್ನ ಕುಣಿತವನ್ನು ನೋಡಿಯೂ ನೋಡದವರಂತೆ ಚಾದರ ಝಾಡಿಸಿ ಇಳಿದುಹೋದರು.

ನಗು ಬಂದದ್ದು ನನಗೇ. ಥೇಟ್ ಇದೇ ಕುಣಿತವನ್ನು ನಮ್ಮ ಹೆಡ್ ಮಾಸ್ತರು ಕುಣಿದದ್ದನ್ನು ನಾನು ಕಂಡಿದ್ದೇನೆ. ಅದನ್ನು ಹೇಳಬೇಕೆಂದರೆ ಜರ್ಮನಿಯ ಒಬ್ಬ ರಾಜನನ್ನೂ ರೋಮಿನ ಪೋಪನನ್ನೂ ಔರಾದ ತಾಲೂಕಿಗೆ ಕರೆತರಬೇಕು. ಸ್ವಲ್ಪ ಸುತ್ತು ದಾರಿ. ಇರಲಿ, ಸಂಡಿಗೆ ಒಣಗುವತನಕ ನಮಗೂ ಬೇರೆ ಕೆಲಸವಿಲ್ಲ.

ಎಪ್ಪತ್ತೆರಡರ ಬರದ ಕಾಲ. ನಾನು ಭಾಲ್ಕಿಯ ಹುಡುಗಿ, ಸಂತಪುರದಲ್ಲಿ ಬಸ್ಸಿಳಿದು ಒಳಗೆ ನಡೆದುಹೋಗಬೇಕಾದ ಒಂದು ಹಳ್ಳಿಯ ಶಾಲೆಗೆ ಆಗಷ್ಟೇ ಟೀಚರಾಗಿ ಸೇರಿದ್ದೆ. ಬಾವಿಗಳು ತಳ ಕಂಡಿದ್ದವು. ವಾರಕ್ಕೆ ಒಂದಿಷ್ಟು ಮನೆಯವರು ಗಂಟು ಕಟ್ಟಿಕೊಂಡು ಹೈದರಾಬಾದಿಗೆ ಕಲ್ಲು ಒಡೆಯಲು ಹೊರಡುತ್ತಿದ್ದರು. ನಾನು ಹಾಜರಿ ಕೂಗಿದರೆ "ಹೋದ್ರಿ ಟೀಚರ್" ಎಂದು ಪಕ್ಕದವರು ಉತ್ತರ ಕೊಡುತ್ತಿದ್ದರು. ಉಳಿದ ಮಕ್ಕಳನ್ನು ಹಿಡಿದಿಟ್ಟದ್ದು ನಮ್ಮ ವಿದ್ಯೆ ಅಂತ ಹೇಳಿಕೊಳ್ಳಲು ಆಸೆಯೇನೋ ಇದೆ. ಆದರೆ ಹಿಡಿದಿಟ್ಟದ್ದು ಮಧ್ಯಾಹ್ನ ಶಾಲೆಯಲ್ಲಿ ಬಡಿಸುತ್ತಿದ್ದ ಮೆಕ್ಕೆಜೋಳದ ಹಳದಿ ರವೆಯ ಉಪ್ಪಿಟ್ಟು.

ಆ ಉಪ್ಪಿಟ್ಟಿನ ಒಡತಿ ಅಡುಗೆಯ ಶಾಂತಾಬಾಯಿ. ದೊಡ್ಡ ದನಿ, ದೊಡ್ಡ ಕುಂಕುಮ. ಒಲೆಗೆ ಉರುವಲು ಸರ್ಕಾರ ಕೊಡುತ್ತಿರಲಿಲ್ಲ. ಪ್ರತಿ ಮಗುವೂ ಒಂದು ಕಟ್ಟಿಗೆಯನ್ನೋ ಸಗಣಿಯ ಕುಳ್ಳನ್ನೋ ತರಬೇಕು ಎಂದು ಕಾನೂನು ಮಾಡಿದವಳು ಅವಳೇ. ಹೆಡ್ ಮಾಸ್ತರು ಹೇಳಿದ ಲೆಕ್ಕ ಮಾಡಿಕೊಂಡು ಬಾರದ ಹುಡುಗರು ಶಾಂತಾಬಾಯಿ ಹೇಳಿದ ಕಟ್ಟಿಗೆ ಮರೆಯುತ್ತಿರಲಿಲ್ಲ.

ಹೆಡ್ ಮಾಸ್ತರು ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿದವರು. ಇತಿಹಾಸದ ಪಾಠವನ್ನು ಈಗಷ್ಟೇ ದರ್ಬಾರಿನಿಂದ ಎದ್ದು ಬಂದವರಂತೆ ಮಾಡುತ್ತಿದ್ದರು. ಯಾವ ದೇಶದ ಯಾವ ಜಗಳವೇ ಇರಲಿ, ಅವರು ರಾಜನ ಕಡೆ. ಏಳನೆಯ ತರಗತಿಗೆ ರಾಜನಿಗೂ ಪೋಪನಿಗೂ ಹತ್ತಿದ ಜಗಳದ ಪಾಠ ಬಂತು. ಇಗರ್ಜಿಯ ದೊಡ್ಡ ಪಾದ್ರಿಗೆ ಉಂಗುರ, ಕೋಲು ಕೊಟ್ಟು ಗಾದಿಯ ಮೇಲೆ ಕೂಡಿಸುವ ಹಕ್ಕು ಯಾರದು ಎಂಬುದೇ ಜಗಳ. ರಾಜ ನನ್ನದೆಂದ. ಪೋಪ ನನ್ನದೆಂದು ರಾಜನಿಗೆ ಬಹಿಷ್ಕಾರ ಹಾಕಿದ.

"ಬಹಿಷ್ಕಾರ ಅಂದ್ರೇನ್ರಿ ಸರ್?" ಎಂದು ಕೇಳಿದವಳು ಕಮಲಾ, ಬೌದ್ಧರಾದ ದಲಿತರ ಓಣಿಯ ಹುಡುಗಿ. ಇಡೀ ಶಾಲೆಯಲ್ಲಿ ತಪ್ಪಿಲ್ಲದೆ ಓದುತ್ತಿದ್ದವಳು ಅವಳೊಬ್ಬಳೇ.

"ಯಾರೂ ಅವನ ಜೋಡಿ ಕುಂತು ಉಣ್ಣಂಗಿಲ್ಲ. ಅವನ ಮನಿಗಿ ಹೋಗಂಗಿಲ್ಲ."

"ಬಾವಿ ನೀರ್ರಿ?"

"ಅದೂ ಇಲ್ಲಂತ ತಿಳಕೋ."

"ಹಂಗಾದ್ರ ಆ ರಾಜ ನಮ್ಮ ಓಣ್ಯಾಂವ ಆದನ್ರಿ, ಸರ್."

ಊರಿನ ಮೇಲಿನ ಓಣಿಯ ಬಾವಿಗೆ ಅವರ ಓಣಿಯ ಕೊಡ ಇಳಿಯುತ್ತಿರಲಿಲ್ಲ. ಹುಡುಗರು ನಕ್ಕರು. ಹೆಡ್ ಮಾಸ್ತರು ಬೋರ್ಡಿನ ಕಡೆ ತಿರುಗಿ, ಈಗಾಗಲೇ ಒರೆಸಿದ್ದನ್ನು ಮತ್ತೊಮ್ಮೆ ಒರೆಸಿದರು.

ರಾಜ ಸೋತು ಕನೋಸಾ ಎಂಬ ಊರಿಗೆ ಹೋಗಿ, ಪೋಪನಿದ್ದ ಕೋಟೆಯ ಬಾಗಿಲಲ್ಲಿ ಹಿಮದ ಮೇಲೆ ಮೂರು ದಿನ ಬರಿಗಾಲಲ್ಲಿ ನಿಂತ ಕಥೆಗೆ ಬಂದಾಗ ಪಾಠ ಪೂರ್ತಿ ಹಳಿ ತಪ್ಪಿತು. ಹಿಮ ಅಂದರೇನು? "ಬೀದರನಾಗ ಬರ್ಫಿನ ಗೋಲಾ ನೋಡೀರಿಲ್ಲೋ? ಅದು ನೆಲದ ತುಂಬ ಬಿದ್ದದಂತ ತಿಳಕೊಳ್ರಿ" ಎಂದರು ಮಾಸ್ತರು. ಅಂಥ ಬಿಸಿಲಿನಲ್ಲಿ ಹುಡುಗರ ಬಾಯಲ್ಲಿ ನೀರೂರಿತು. ಇದು ಶಿಕ್ಷೆ ಹೇಗಾಯಿತು ಎಂದು ಯಾರಿಗೂ ತಿಳಿಯಲಿಲ್ಲ. ಇನ್ನು ಬರಿಗಾಲು. ಇಡೀ ತರಗತಿ ತನ್ನ ತನ್ನ ಕಾಲು ನೋಡಿಕೊಂಡಿತು. ಚಪ್ಪಲಿ ಇದ್ದ ಮಗು ಒಂದೂ ಇರಲಿಲ್ಲ.

"ಚಪ್ಪಲಿ ಇಲ್ದ ನಿಂತಿದ್ದಕ್ಕ ಪುಸ್ತಕದಾಗ ಬರದಾರೇನ್ರಿ?" ಎಂದಳು ಕಮಲಾ.

ಮಾಸ್ತರಿಗೆ ಅವಮಾನವಾದಂತಾಯಿತು. "ಆ ರಾಜನ ಜಾಗಾದಾಗ ನಾ ಇದ್ದಿದ್ರ ಒಂದು ಚಪ್ಪಲಿನೂ ಬಿಡ್ತಿರಲಿಲ್ಲ" ಎಂದು ಪುಸ್ತಕ ಮುಚ್ಚಿದರು. ಮನೆಯಲ್ಲಿ ಮರಾಠಿ ಕೇಳಿ ಬೆಳೆದ ಹುಡುಗರಿಗೆ ಪೋಪ ಕಿವಿಗೆ ಬೀಳುವ ಮೊದಲೇ ಪೋಪಟ್ ಆಗಿದ್ದ, ಅಂದರೆ ಗಿಳಿ. ಶಾಲೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಕಿರೀಟದ ಗಿಳಿಯೊಂದು ಮೂಡಿತು. ಅದರ ಮುಂದೆ ಮೀಸೆಯ ರಾಜ ಕೈಮುಗಿದು ನಿಂತಿದ್ದ.

ಇಷ್ಟಾಗಿ ವಾರವೂ ಆಗಿರಲಿಲ್ಲ, ಅಡುಗೆಗೆ ಇನ್ನೊಬ್ಬಳನ್ನು ತೆಗೆದುಕೊಳ್ಳಬಹುದು ಎಂದು ಮೇಲಿನಿಂದ ಹುಕುಂ ಬಂತು. ಶಾಂತಾಬಾಯಿ ಆ ಕೆಲಸವನ್ನು ಕಮಲಾಳ ಅಜ್ಜಿ ಭಾಗೀರಥಿಗೆ ಕೊಡಬೇಕು ಎಂದಿದ್ದಳು. ಹೆಡ್ ಮಾಸ್ತರು, ಆ ಓಣಿಯವಳ ಕೈಯಡುಗೆ ಎಂದರೆ ಊರವರು ಏನಂದಾರು ಎಂದು ಹೆದರಿ, ಸರಪಂಚರ ಅಣ್ಣನ ಸೊಸೆಯನ್ನು ಪ್ರಾರ್ಥನೆಯ ಹೊತ್ತಿಗೆ ಕರೆಸಿ ಎಲ್ಲರೆದುರು ಕೈಗೆ ಸೌಟು ಕೊಟ್ಟರು.

"ಒಲಿ ಮುಂದ ಕುಂದ್ರಾಕಿ ನಾ. ಸೌಟು ಯಾರ ಕೈಗಿ ಕೊಡಬೇಕಂತ ನಾ ಹೇಳ್ಬೇಕ್ರಿ" ಎಂದಳು ಶಾಂತಾಬಾಯಿ.

"ಸಾಲಿ ನಂದದ" ಎಂದರು ಮಾಸ್ತರು.

"ನಿಮ್ಮ ಸಾಲಿ ನೀವ ಉಣ್ರಿ" ಎಂದು ಸೆರಗು ಝಾಡಿಸಿ ಹೋಗಿಬಿಟ್ಟಳು.

ಮರುದಿನ ಒಂದೇ ಒಂದು ಮಗುವೂ ಕಟ್ಟಿಗೆ ತರಲಿಲ್ಲ. ಓಣಿ ಓಣಿಯ ಹೆಂಗಸರಿಗೆ ಅವಳ ಮಾತು ಮುಟ್ಟಿತ್ತು. ಸರಪಂಚರ ಕಡೆಯ ಸೊಸೆ ಹಸಿ ಜಾಲಿಯ ಟೊಂಗೆ ಹಚ್ಚಿ, ಕಣ್ಣು ಕೆಂಪಗೆ ಮಾಡಿಕೊಂಡು, ಗೋಡೆ ಕಟ್ಟುವ ಗಾರೆಯಂಥದ್ದೇನನ್ನೋ ಬಡಿಸಿ, ಸೌಟು ಅಲ್ಲೇ ಬಿಟ್ಟು ಮನೆ ಸೇರಿದಳು. ಒಲೆ ಆರಿತು. ಹುಡುಗರು ಮಾತ್ರ ಖುಷಿಯಾಗಿದ್ದರು. "ಪೋಪಟ್ ಬಹಿಷ್ಕಾರ ಹಾಕ್ಯಾದ್ರಿ ಟೀಚರ್" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಖುಷಿ ಎರಡು ದಿನ ಬಾಳಿತೇನೋ. ಕಮಲಾಳ ಅಪ್ಪ ಹೈದರಾಬಾದಿನಿಂದ ಬಂದು ಶಾಲೆಯ ಬಾಗಿಲಲ್ಲಿ ನಿಂತ.

"ಒಂದ್ ಹೊತ್ತಿನ ಕೂಳು ಸಾಲ್ಯಾಗ ಸಿಗ್ತದಂತ ಅವ್ವನ ಹಂತ್ಯಾಕ ಬಿಟ್ಟಿದ್ದೆ ಸರ್. ಈಗ ಅದೂ ಇಲ್ಲ. ನಾಳಿ ಕರಕೊಂಡು ಹೋಗ್ತೇನಿ."

"ಪರೀಕ್ಷಾ ಮುಗೀಲಿ" ಎಂದರು ಮಾಸ್ತರು.

"ಅಲ್ಲೀತನಕ ಏನ್ ಉಣ್ಣಬೇಕ್ರಿ ಸರ್ ಅಕಿ?"

ಅವನು ಜಗಳಕ್ಕೆ ಕೇಳಿರಲಿಲ್ಲ, ತಿಳಿದುಕೊಳ್ಳಲು ಕೇಳಿದ್ದ. ಕಮಲಾ ತರಗತಿಯೊಳಗೆ ತಲೆ ಬಗ್ಗಿಸಿ ಬರೆಯುತ್ತಿದ್ದಳು. ಆ ಹುಡುಗಿ ಹೋದರೆ ನಾನು ಯಾರಿಗೆ ಪಾಠ ಹೇಳಬೇಕು ಎಂಬ ಸ್ವಾರ್ಥದ ದುಃಖ ನನ್ನದು. ಮಾಸ್ತರು ಎದ್ದು, "ಟೀಚರ್, ನೀವೂ ಬರ್ರಿ. ಹೆಣ್ಮಕ್ಕಳ ಮಾತು" ಎಂದು ಟೋಪಿ ಸರಿಮಾಡಿಕೊಂಡರು.

ಸುಡು ಮಧ್ಯಾಹ್ನ. ಕೇಳಿಕೊಳ್ಳಲು ಬಂದ ಮನೆ ಎಂದು ಮಾಸ್ತರು ಅಭ್ಯಾಸದಂತೆ ಶಾಂತಾಬಾಯಿಯ ಅಂಗಳದಾಚೆಯೇ ಚಪ್ಪಲಿ ಬಿಟ್ಟು ಒಳನಡೆದರು. ನಾನು ಬೇವಿನ ನೆರಳು ಹಿಡಿದೆ. ಬಾಗಿಲು ಮುಚ್ಚಿತ್ತು.

"ಶಾಂತಾಬಾಯಿ, ತಪ್ಪಾಗ್ಯಾದ" ಎಂದರು. ಒಳಗಿಂದ ಉಸಿರಿಲ್ಲ. ಇನ್ನೊಮ್ಮೆ ಅಂದರು. ಅಷ್ಟರಲ್ಲಿ ಅಂಗಾಲು ಸುಡತೊಡಗಿ ಎಡಗಾಲೆತ್ತಿದರು, ಬಲಗಾಲೆತ್ತಿದರು. ತಿರುಗಿ ಹೋಗಿ ಚಪ್ಪಲಿ ಮೆಟ್ಟಬಹುದಿತ್ತು. ಆದರೆ ಅಂಗಳದ ಗೋಡೆಯ ಮೇಲೆ ಆಗಲೇ ಏಳನೆಯ ತರಗತಿ ಸಾಲಾಗಿ ಕೂತಿತ್ತು.

"ಬರಿಗಾಲಿಲೇ ನಿಂತಾರ!"

"ಮೂರು ದಿನ ನಿಲ್ಲಬೇಕ್ರಿ ಸರ್" ಎಂದು ಯಾವನೋ ಮರ್ಯಾದೆಯಿಂದಲೇ ನೆನಪು ಮಾಡಿದ. ಕಮಲಾ ಮಾತ್ರ ನಗಲಿಲ್ಲ. ಅವಳ ಅಪ್ಪ ಅವಳ ಹಿಂದೆ ನಿಂತಿದ್ದ.

"ಭಾಗೀರಥಿಗೇ ಸೌಟು ಕೊಡು, ಶಾಂತಾಬಾಯಿ. ಊರವರು ಏನಾರ ಅಂದ್ಕೊಳ್ಳಿ. ಆ ಹುಡುಗಿ ಹೋಗಬಾರದು" ಎಂದರು ಮಾಸ್ತರು. ದನಿ ಒಡೆದಿತ್ತು.

"ಯಾರ ಜೋಡಿ ಮಾತಾಡ್ಲಿಕತ್ತೀರಿ ಸರ್?"

ದನಿ ಹಿಂದಿನಿಂದ ಬಂತು. ತಲೆಯ ಮೇಲೊಂದು ಕೊಡ, ಸೊಂಟದ ಮೇಲೊಂದು ಕೊಡ ಹೊತ್ತು ಶಾಂತಾಬಾಯಿ ಹಳ್ಳದಿಂದ ಬರುತ್ತಿದ್ದಳು. ಬಾಗಿಲಿಗೆ ಹೊರಗಿನಿಂದ ಕೊಂಡಿ ಹಾಕಿತ್ತು. ಇಬ್ಬರು ಓದಿದವರ ನಾಲ್ಕು ಕಣ್ಣಿಗೆ ಅದು ಬಿದ್ದಿರಲಿಲ್ಲ.

ಅವಳು ಮಾಸ್ತರ ಮುಖ ನೋಡಿದಳು, ಕಾಲು ನೋಡಿದಳು. ಹೆಂಗಸರು ಸಾಲು ನಿಂತು ಬಟ್ಟಲಿನಲ್ಲಿ ತೋಡಿ ತುಂಬಿಕೊಳ್ಳುತ್ತಿದ್ದ ನೀರು ಅದು. ಸೊಂಟದ ಕೊಡ ಬಗ್ಗಿಸಿ ಅವರ ಎರಡೂ ಕಾಲ ಮೇಲೆ ಸುರಿದಳು.

"ಹುಚ್ಚರಾಗೀರೇನ್ರಿ, ಇಂಥ ಬಿಸಲಾಗ" ಎಂದಳು. "ನೆರಳಿಗಿ ನಡೀರಿ. ನಾಳಿ ಕಟ್ಟಿಗಿ ತರಲಿಕ್ಕ ಹೇಳ್ರಿ ಹುಡುಗರಿಗಿ."

ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. ನೀರು ಕಾಲಿನ ಮೇಲೆ ಬಿದ್ದಿತ್ತು, ಕನ್ನಡಕ ಏಕೆ ಒದ್ದೆಯಾಯಿತೋ.

ಮರುದಿನ ಭಾಗೀರಥಿಯ ಕೈಗೆ ಸೌಟು ಕೊಟ್ಟವಳು ಶಾಂತಾಬಾಯಿ. ಮೇಲಿನ ಓಣಿಯ ಕೆಲವರು ಮಕ್ಕಳನ್ನು ಉಪ್ಪಿಟ್ಟಿಗೆ ಕಳಿಸಲಿಲ್ಲ. ಆಮೇಲೆ ಹಸಿವೆಯೇ ಅವರನ್ನು ಕರೆದುಕೊಂಡು ಬಂತು. ಕಮಲಾಳ ಅಪ್ಪ ಒಬ್ಬನೇ ಬಸ್ಸು ಹತ್ತಿದ. ಮಾಸ್ತರು ತರಗತಿಯಲ್ಲಿ, ಅದೇ ರಾಜ ಮುಂದೆ ದಂಡು ಕಟ್ಟಿಕೊಂಡು ಪೋಪನ ಮೇಲೆ ಏರಿಹೋದ ಕಥೆಯನ್ನು ಬಹಳ ಹುರುಪಿನಿಂದ ಹೇಳಿದರು. "ನೀವು ಯಾವಾಗ ಏರಿ ಹೋಗ್ತೀರಿ ಸರ್?" ಎಂದಳು ಕಮಲಾ. ಅವರೂ ನಕ್ಕುಬಿಟ್ಟರು.

ಕಥೆ ಇಲ್ಲಿಗೆ ಬರುವ ಹೊತ್ತಿಗೆ ನಾನು ಮಾಳಿಗೆಯಿಂದ ಇಳಿದು, ಒಂದು ತಟ್ಟೆ ಸಂಡಿಗೆ ಕರಿದು, ಜುಬೇದಾ ಆಪಾನ ಹೊಸ್ತಿಲ ಮುಂದೆ ಚಪ್ಪಲಿ ಬಿಟ್ಟು ನಿಂತಿದ್ದೆ. "ಆಪಾ, ನಂದೇ ತಪ್ಪು" ಎಂದೆ. ಉತ್ತರವಿಲ್ಲ. "ಆಡಿಗೂ ತಂದೇನಿ" ಎಂದೆ. ಅದಕ್ಕೂ ಇಲ್ಲ. ಕಾಲು ಬದಲಿಸತೊಡಗಿದೆ.

"ಯಾರಿಗಿ ಹೇಳ್ಲಿಕತ್ತೀರಿ ಟೀಚರ್? ಬಾಗಿಲ ಕೊಂಡಿ ನೋಡ್ರಿ."

ದನಿ ಮೇಲಿನಿಂದ ಬಂತು. ತಲೆಯೆತ್ತಿದೆ. ಆಪಾ ಹೊರಗಿನ ಮೆಟ್ಟಿಲು ಹತ್ತಿ ಬಂದು ನನ್ನ ಮಾಳಿಗೆಯ ಅಂಚಿನಲ್ಲಿ, ಕೈಯಲ್ಲೊಂದು ಕೋಲು ಹಿಡಿದು ನಿಂತಿದ್ದರು.

"ಕಾಗಿ ಬಂದಿದ್ವು. ನೀವು ಬಿಟ್ಟು ಹೋದ್ರಿ, ನಾ ಕಾಯ್ಲಿಕತ್ತೇನಿ" ಎಂದರು. "ಮ್ಯಾಲ ಬರ್ರಿ. ಚಪ್ಪಲಿ ಹಾಕ್ಕೊಂಡು ಬರ್ರಿ."

ಹಾಕಿಕೊಂಡೇ ಹೋದೆ.