ಏವಿಸ್ ಪೆಂಗಿಲಿ ಮರಳು ದಾಟಿದ್ದು

ಏವಿಸ್ ಪೆಂಗಿಲಿಗೆ ಮೊದಲ ಸಲ ಸ್ವಂತ ಮನೆ ಅಂತ ಆದದ್ದು ಅರವತ್ತೊಂದನೆಯ ವಯಸ್ಸಿನಲ್ಲಿ. ಆ ಮನೆಯಲ್ಲಿ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ.

ಮೂವತ್ತಮೂರು ವರ್ಷ ಅವಳು ಕುರಿಯ ಉಣ್ಣೆ ಕತ್ತರಿಸುವವರ ತಂಡಗಳಿಗೆ ಅಡುಗೆ ಮಾಡಿಕೊಂಡು ದಕ್ಷಿಣ ಆಸ್ಟ್ರೇಲಿಯದ ಉದ್ದಗಲ ತಿರುಗಿದ್ದಳು. ಒಂದು ಶೆಡ್ಡಿನಲ್ಲಿ ಹತ್ತು ದಿನ, ಇನ್ನೊಂದರಲ್ಲಿ ಮೂರು ವಾರ. ಬೆಳಿಗ್ಗೆ ನಾಲ್ಕಕ್ಕೆ ಒಲೆ ಹಚ್ಚಬೇಕು. ಒಂಬತ್ತೂವರೆಗೆ ಟೀ ಕೇಕು, ಹನ್ನೆರಡಕ್ಕೆ ಕುರಿಮಾಂಸದ ಊಟ, ಮೂರಕ್ಕೆ ಮತ್ತೆ ಟೀ. ಐದು ನಿಮಿಷ ತಡವಾದರೂ ಹದಿನಾಲ್ಕು ಗಂಡಸರು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು. ಕೊನೆಗೆ ಎಡಮಂಡಿ ಸವೆಯಿತು. ಅದೇ ವರ್ಷ ಪೀಟರ್‌ಬರೋ ಊರಲ್ಲಿದ್ದ ಚಿಕ್ಕಮ್ಮ ತೀರಿಕೊಂಡು ಕಲ್ಲಿನ ಮನೆಯೊಂದನ್ನು ಅವಳ ಹೆಸರಿಗೆ ಬಿಟ್ಟು ಹೋಗಿದ್ದಳು. ಎಲ್ಲರೂ ಅದೃಷ್ಟ ಎಂದರು.

ಹಳೆಯ ಗೆಳತಿ ಎಲ್ವಿ ನೋಸ್ಕಿ ವಾರಕ್ಕೊಮ್ಮೆ ಬಂದು ಹೋಗುತ್ತಿದ್ದಳು. ಅದೇ ಶೆಡ್ಡುಗಳಲ್ಲಿ ಉಣ್ಣೆಯನ್ನು ಬೆರಳಿನಿಂದ ತಿಕ್ಕಿ ನೋಡಿ ದರ್ಜೆ ಹೇಳುತ್ತಿದ್ದವಳು ಅವಳು. ಯಾವುದಕ್ಕೂ ಅವಸರವಿಲ್ಲದ ಹೆಂಗಸು. ಏವಿಸ್ ಆ ಮನೆ ಸೇರಿದ ಆರನೆಯ ತಿಂಗಳಲ್ಲಿ ಒಂದು ದಿನ ಬಂದವಳು ಹೊಸಿಲಲ್ಲೇ ನಿಂತಳು.

"ಏನೇ ಇದು, ಮಂಚ ಅಡುಗೆಮನೆಗೆ ಬಂದುಬಿಟ್ಟಿದೆ?"

"ಆ ಕೋಣೇಲಿ ಬೆಳಕು ಸರಿ ಇರಲಿಲ್ಲ."

"ಹೋದ ವಾರ ಗಾಳಿ ಸರಿಯಿಲ್ಲ ಅಂದಿದ್ದೆ. ಇನ್ನುಳಿದಿರೋದು ಬಚ್ಚಲುಮನೆ ಒಂದೇ." ಎಲ್ವಿ ಟೋಪಿ ತೆಗೆದು ಮಂಚದ ಮೇಲೇ ಕೂತಳು. "ಮರುಭೂಮಿ ಪಾರ್ಕುಗಳ ಪಾಸ್ ತಗೊಂಡಿದೀನಿ. ಜುಲೈ ಚಳಿಗೆ ಸಿಂಪ್ಸನ್ ಮರುಭೂಮಿ ದಾಟೋಣ. ಗಾಡಿ ನಂದು, ಅಡುಗೆ ನಿಂದು."

"ಎಷ್ಟು ದಿನ?"

"ಎರಡು ವಾರ."

"ಒಂದೇ ವಾರ ಸಾಕಲ್ಲ ಅದಕ್ಕೆ" ಎಂದು ಏವಿಸ್ ಆಗಲೇ ಡಬ್ಬಗಳನ್ನು ಕೆಳಗಿಳಿಸತೊಡಗಿದಳು.

ಹೊರಟ ಮೊದಲ ದಿನದಿಂದಲೇ ಅವಳದು ಓಟ. ಬೆಳಗಿನ ಚಳಿಗೆ ಕೆಟಲಿನ ನೀರು ಹೆಪ್ಪುಗಟ್ಟಿರುತ್ತಿತ್ತು; ಅದು ಕರಗುವುದರೊಳಗೆ ಅವಳ ಹಾಸಿಗೆ ಸುತ್ತಿಟ್ಟಾಗಿರುತ್ತಿತ್ತು. ಎಲ್ವಿ ಕೊನೆಯ ಗುಟುಕು ಕುಡಿಯುವ ಹೊತ್ತಿಗೆ ಅವಳ ಮಗ್ಗು ಒಂದನ್ನು ಬಿಟ್ಟು ಬೇರೆಲ್ಲ ಸಾಮಾನು ಗಾಡಿ ಸೇರಿರುತ್ತಿತ್ತು. ಮರುಭೂಮಿಯ ಅಂಚಿನಲ್ಲಿರುವ ಡಲ್‌ಹೌಸಿಯ ಬಿಸಿನೀರಿನ ಬುಗ್ಗೆಯಲ್ಲಿ ಎಲ್ವಿ ಎಮ್ಮೆಯ ಹಾಗೆ ಕತ್ತಿನವರೆಗೆ ಮುಳುಗಿ ಕಣ್ಣು ಮುಚ್ಚಿದ್ದಳು. ಏವಿಸ್ ಹತ್ತು ನಿಮಿಷ ನೀರಲ್ಲಿದ್ದು ಮೇಲೆದ್ದಳು. ಎಲ್ವಿ ಕಣ್ಣು ತೆರೆದಾಗ ದಡದಲ್ಲಿ ಟೆಂಟೇ ಇರಲಿಲ್ಲ.

"ಎಲ್ಲಿಗೇ ಹೋಗ್ಬೇಕು ನಿಂಗೆ?"

"ಮುಂದಕ್ಕೆ."

ಅಲ್ಲಿಂದಾಚೆ ಮರಳು. ಗಾಲಿ ಹೂಳದ ಹಾಗೆ ಟೈರಿನ ಗಾಳಿ ಇಳಿಸಿ, ದಿಬ್ಬದಾಚೆಯವರಿಗೆ ಕಾಣುವಂತೆ ಎತ್ತರದ ಕೋಲಿಗೆ ಬಾವುಟ ಕಟ್ಟಿಕೊಂಡು ಪೂರ್ವಕ್ಕೆ ಹೊರಟರು. ಕೆಂಪು ದಿಬ್ಬ, ಇಳಿದರೆ ತಗ್ಗು, ಮತ್ತೆ ದಿಬ್ಬ. ಇಂಥವು ಸಾವಿರಕ್ಕೂ ಹೆಚ್ಚು. ಎದುರಿಂದ ಬರುವವರು ಇದ್ದಾರೋ ಏನೋ ಎಂದು ಪ್ರತಿ ದಿಬ್ಬಕ್ಕೂ ರೇಡಿಯೋದಲ್ಲಿ ಕೂಗಿಯೇ ಹತ್ತಬೇಕು. ಏವಿಸ್ ತಂಡದ ಲಾರಿ ಓಡಿಸಿ ಪಳಗಿದ ಕೈ. ಸ್ಟೇರಿಂಗ್ ಹಿಡಿದರೆ ಮಾತ್ರ ಅವಳ ಮಂಡಿ ಕುಣಿಯುವುದು ನಿಲ್ಲುತ್ತಿತ್ತು.

ನಾಲ್ಕನೆಯ ಬೆಳಿಗ್ಗೆ ದೊಡ್ಡ ದಿಬ್ಬವೊಂದರ ನೆತ್ತಿಯಲ್ಲಿ ಎಲ್ವಿ ಗಾಡಿ ನಿಲ್ಲಿಸಲು ಹೇಳಿದಳು. ಆ ವರ್ಷ ಮಳೆ ಬಿದ್ದಿತ್ತು. ತಗ್ಗಿನ ತುಂಬ ಹಳದಿ ಹೂ. ಅದರ ಮೇಲೆ ಹಸಿರು ಗಿಳಿಗಳ ಹಿಂಡು ಒಮ್ಮೆ ಅತ್ತ, ಒಮ್ಮೆ ಇತ್ತ ಹೊರಳುತ್ತಿತ್ತು. ಎಲ್ವಿ ಮಡಿಸುವ ಕುರ್ಚಿ ಇಳಿಸಿಕೊಂಡು ಕೂತಳು. ಕಾಲು ಗಂಟೆಯಾಯಿತು. ಏವಿಸ್ ಗಾಡಿಯ ಸುತ್ತ ಮೂರು ಸುತ್ತು ಹಾಕಿ, ಟೈರುಗಳನ್ನು ಒದ್ದು ನೋಡಿದಳು.

"ನೋಡಿದ್ದಾಯ್ತಲ್ಲ, ಏಳು."

"ಇವತ್ತು ಇಲ್ಲೇ. ನಾಳೆನೂ ಇಲ್ಲೇ."

"ಇಲ್ಲೇನಿದೆ ಮಣ್ಣು? ಮಧ್ಯಾಹ್ನದೊಳಗೆ ಇಪ್ಪತ್ತು ದಿಬ್ಬ ದಾಟಬಹುದು."

"ದಾಟಿ?" ಎಲ್ವಿ ತಿರುಗಿಯೂ ನೋಡಲಿಲ್ಲ. "ಹನ್ನೆರಡಕ್ಕೆ ನೀನು ಯಾರಿಗೂ ಊಟಕ್ಕಿಡಬೇಕಾಗಿಲ್ಲ ಕಣೇ ಏವಿಸ್. ನಿನ್ನ ದಾರಿ ಕಾಯೋರು ಯಾರೂ ಇಲ್ಲ."

ಎಲ್ವಿ ಅದನ್ನು ಕುಟುಕಲೆಂದು ಹೇಳಿರಲಿಲ್ಲ. ಆದರೂ ಏವಿಸ್‌ಗೆ ಯಾರೋ ಕಪಾಳಕ್ಕೆ ಬಾರಿಸಿದ ಹಾಗಾಯಿತು. ಗಾಡಿ ಹತ್ತಿದಳು, ಬಾಗಿಲು ಎಳೆದುಕೊಂಡಳು, ಹೊರಟೇಬಿಟ್ಟಳು. ಕನ್ನಡಿಯಲ್ಲಿ ಕುರ್ಚಿಯೂ ಅದರ ಮೇಲಿನ ಟೋಪಿಯೂ ಒಂದಿಷ್ಟು ಹೊತ್ತು ಕಂಡವು. ಆಮೇಲೆ ಬರೀ ಮರಳು.

ಆರು ದಿಬ್ಬ ದಾಟಿದ ಮೇಲೆ ಬಿಳಿ ಜೇಡಿಯ ಬಯಲು ಬಂತು. ಅಲ್ಲಿ ಇಳಿದು, ಯಾಕೆಂದು ತನಗೇ ಗೊತ್ತಾಗದೆ, ಸ್ಟವ್ ಹಚ್ಚಿ ಟೀಗೆ ಇಡಲು ನೀರಿನ ಕ್ಯಾನಿಗೆ ಕೈ ಹಾಕಿದಳು. ಆಗ ಹೊಳೆಯಿತು. ಮೂರೂ ಕ್ಯಾನು ಗಾಡಿಯಲ್ಲೇ ಇವೆ. ಎಲ್ವಿಯ ಹತ್ತಿರ ಇರುವುದು ಒಂದು ಸಣ್ಣ ಬಾಟಲಿ. ಅವಳ ರಕ್ತದೊತ್ತಡದ ಮಾತ್ರೆ ಮುಂದಿನ ಸೀಟಿನ ಮೇಲೇ ಬಿದ್ದಿತ್ತು. ಏವಿಸ್ ಸ್ಟವ್ ಆರಿಸಿ ಗಾಡಿ ಹಿಂದಕ್ಕೆ ತಿರುಗಿಸಿದಳು.

ಹಿಂದಿರುಗುವುದು ಬಂದಷ್ಟು ಸಲೀಸಾಗಿರಲಿಲ್ಲ. ಪೂರ್ವದ ಕಡೆಯಿಂದ ದಿಬ್ಬಗಳು ಗೋಡೆಯಷ್ಟು ಕಡಿದು. ಎರಡನ್ನು ಹೇಗೋ ಹತ್ತಿದಳು. ಮೂರನೆಯದು ಮೂರು ಸಲ ಅವಳನ್ನು ಅರ್ಧದಿಂದ ಕೆಳಗೆ ಜಾರಿಸಿತು. ನಾಲ್ಕನೆಯ ಸಲ ಹಿಂದಿನ ಗಾಲಿಗಳು ಅಚ್ಚಿನವರೆಗೆ ಹೂತವು. ಸಲಿಕೆ ತೆಗೆದು, ನೋಯುವ ಮಂಡಿಯನ್ನು ಊರಿ ಅಗೆದಳು. ತೆಗೆದಷ್ಟೂ ಮರಳು ಕುಸಿದು ಬರುತ್ತಿತ್ತು. ಹೊತ್ತು ನೆತ್ತಿಗೇರಿ ವಾಲಿತು. ಅಷ್ಟರಲ್ಲಿ ರೇಡಿಯೋ ಕರಕರ ಎಂದಿತು.

"ದಿಬ್ಬದ ಆಚೆ ಯಾರಾದ್ರೂ ಇದೀರಾ? ನಾವು ಪಶ್ಚಿಮದಿಂದ ಬರ್ತಿದೀವಿ."

"ಇದೀನಿ. ಹೂತುಕೊಂಡಿದೀನಿ" ಎಂದಳು ಏವಿಸ್.

ವಯಸ್ಸಾದ ಗಂಡ ಹೆಂಡತಿ ಬಂದಿಳಿದರು. ಗಂಡ ಟೈರುಗಳನ್ನು ನೋಡಿ, ತಲೆಯಾಡಿಸಿ, ಒಂದೊಂದರಲ್ಲೂ ಇನ್ನಷ್ಟು ಗಾಳಿ ಇಳಿಸಿದ. ಹಗ್ಗ ಕಟ್ಟಿ ಹಿಂದಕ್ಕೆ ಎಳೆದುಕೊಟ್ಟ.

"ಹಿಂದೆ ಒಬ್ಬಾಕೆ ಕುರ್ಚಿ ಹಾಕ್ಕೊಂಡು ಕೂತಿದಾರೆ. ನಿಮ್ಮವರಾ?" ಎಂದಳು ಹೆಂಡತಿ.

"ಹೇಗಿದಾಳೆ?" ಏವಿಸ್ ಸಲಿಕೆ ಕೆಳಗೆ ಹಾಕಿದಳು.

"ಚೆನ್ನಾಗಿದಾರಮ್ಮ. ನೀರು ಕೊಟ್ಟಿದೀವಿ. ಬನ್ನಿ ಕರ್ಕೊಂಡು ಹೋಗ್ತೀವಿ ಅಂದ್ರೆ ಒಪ್ಪಲಿಲ್ಲ. ಗೆಳತಿ ಅಂಗಡಿಗೆ ಹೋಗಿದಾಳೆ, ಸಿಕ್ಕಿದ್ರೆ ಹಾಲು ತರೋಕೆ ಹೇಳಿ ಅಂದ್ರು."

ಮೂರು ಗಂಟೆ ದಾಟಿದ ಮೇಲೆ ಏವಿಸ್ ಆ ನೆತ್ತಿಗೆ ಬಂದಳು. ಎಲ್ವಿ ಕುರ್ಚಿಯನ್ನು ಬಿಸಿಲಿಗೆ ಬೆನ್ನು ಮಾಡಿ ತಿರುಗಿಸಿಕೊಂಡಿದ್ದಳು.

"ಹಾಲು ಸಿಕ್ತಾ?"

"ಅಂಗಡಿ ಮುಚ್ಚಿತ್ತು" ಎಂದು ಏವಿಸ್ ಮಾತ್ರೆಯನ್ನೂ ನೀರನ್ನೂ ಅವಳ ಕೈಗಿಟ್ಟಳು. ಮರಳು ಅಗೆದ ಏವಿಸ್‌ಳ ಉಗುರುಗಳಲ್ಲಿ ರಕ್ತ ಬಂದಿತ್ತು. ಎಲ್ವಿ ಅದನ್ನು ನೋಡಿದಳು. ಗಾಡಿಯ ಹತ್ತಿರ ಹೋಗಿ ಕೀಲಿ ಕಿತ್ತುಕೊಂಡು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡಳು.

ಸಂಜೆ ಬೂದಿಯಲ್ಲಿ ಹುಗಿದ ರೊಟ್ಟಿಯನ್ನು ಮುರಿಯುತ್ತ ಏವಿಸ್ ತಾನಾಗಿ ಹೇಳಿದಳು: "ಆ ಮನೇಲಿ ಮೂರು ಗಂಟೆ ಆದ್ರೆ ಸಾಕು, ಕಾಲು ತಾನಾಗೇ ಒಲೆ ಹತ್ರ ಹೋಗುತ್ತೆ. ನೀರು ಕಾಯಿಸ್ತೀನಿ. ಕಾಯಿಸಿ ನಿಂತ್ಕೊಂಡಿರ್ತೀನಿ. ಯಾರೂ ಬರಲ್ಲ."

"ನಾನು ಬರ್ತಿದ್ನಲ್ಲೇ."

"ವಾರಕ್ಕೊಂದ್ಸಲ. ಬಂದ್ರೂ ಟೀ ಬೇಡ ಅಂತೀಯ."

"ನಿನ್ನ ಟೀ ಡಾಂಬರು ಕಣೇ. ಹದಿನಾಲ್ಕು ಜನಕ್ಕೆ ಹಾಕೋ ಪುಡೀನ ಇಬ್ಬರಿಗೆ ಹಾಕ್ತೀಯ." ಇಬ್ಬರೂ ನಕ್ಕರು. ಏವಿಸ್ ನಗುತ್ತಲೇ ತೋಳಿಂದ ಕಣ್ಣೊರೆಸಿಕೊಂಡಳು.

ಅಲ್ಲಿ ಎರಡು ದಿನ ಉಳಿದರು. ಎಲ್ವಿ ಹಕ್ಕಿ ನೋಡಿದಳು. ಏವಿಸ್ ನೋಡಲೆತ್ನಿಸಿದಳು, ಆಗಲಿಲ್ಲ. ಕುಂಟುತ್ತ ದಿಬ್ಬದ ಕೆಳಗಿನ ಪೊದೆಯವರೆಗೆ ಹೋಗಿ ಬಂದಳು, ಮತ್ತೆ ಹೋದಳು. ಆದರೆ ಕೀಲಿ ಕೇಳಲಿಲ್ಲ.

ಊರಿಗೆ ಮರಳಿ ಒಂಬತ್ತು ದಿನ ಮನೆಯಲ್ಲಿದ್ದಳು. ಹತ್ತನೆಯ ದಿನ ಉಣ್ಣೆ ಕತ್ತರಿಸುವ ತಂಡಗಳನ್ನು ಕಳಿಸುವ ಹಳೆಯ ಕಂಟ್ರಾಕ್ಟರಿಗೆ ಫೋನ್ ಮಾಡಿ, ಐದಾರು ಜನರ ಸಣ್ಣ ಶೆಡ್ಡಿದ್ದರೆ ಹೇಳು, ಕೂತು ತರಕಾರಿ ಹೆಚ್ಚಲು ಒಂದು ಎತ್ತರದ ಸ್ಟೂಲು ಬೇಕು ಎಂದಳು. ಅವನು ಮಂಡಿಯ ಮಾತೆತ್ತಿದ. ಮಂಡಿ ನನ್ನದು, ಸ್ಟೂಲು ನಿನ್ನದು ಎಂದಳು. ಮನೆಯನ್ನು ಆಸ್ಪತ್ರೆಯ ನರ್ಸ್ ಒಬ್ಬಳಿಗೆ ಬಾಡಿಗೆಗೆ ಕೊಟ್ಟು, ಹಿಂದಿನ ಕೋಣೆಯೊಂದನ್ನು ತನಗೆಂದು ಇಟ್ಟುಕೊಂಡಳು. ವರ್ಷದಲ್ಲಿ ಐವತ್ತು ದಿನವೂ ಅವಳು ಅದರಲ್ಲಿ ಮಲಗುವುದಿಲ್ಲ.

ಪ್ರತಿ ಜುಲೈನಲ್ಲಿ ಇಬ್ಬರೂ ಮರುಭೂಮಿಗೆ ಹೋಗುತ್ತಾರೆ. ಒಂದೊಂದು ಜಾಗದಲ್ಲಿ ಎಷ್ಟು ದಿನ ನಿಲ್ಲಬೇಕು ಎಂಬ ಜಗಳ ಹೊರಡುವ ಮೊದಲೇ ಫೋನಿನಲ್ಲಿ ಮುಗಿದಿರುತ್ತದೆ. ಈ ವರ್ಷ ಎಲ್ವಿ ನಾಲ್ಕು ಎಂದಳು, ಏವಿಸ್ ಎರಡು ಎಂದಳು, ಮೂರಕ್ಕೆ ಕುದುರಿತು.