ಪಾವಗಡಕ್ಕೆ ಮುಟ್ಟಬೇಕಾದ ಮಾತು

ಗೋಡೆ ಕೆರೆಯುತ್ತಿದ್ದ ಪೇಂಟರ್ ರಹಮತ್ ಕೇಳಿದ: "ಸಾರ್, ಈ ಹಳೇ ಟೆಲಿಫೋನ್ ವೈರು ಕಿತ್ತಾಕ್ಬುಡ್ಲಾ?" ನಾನು ಕುರ್ಚಿಯಿಂದ ಏಳಲಿಲ್ಲ. ಈಚೆಗೆ ಯಾವುದಕ್ಕೂ ಏಳಬೇಕೆನಿಸುವುದಿಲ್ಲ. ಬೆಳಿಗ್ಗೆ ಮಧುಗಿರಿಯಿಂದ ತಮ್ಮ ಫೋನ್ ಮಾಡಿ, "ಅಣ್ಣಾ, ನನ್ ಮೇಲೆ ಬೇಜಾರಾ? ಈ ಕಡೆ ಬರೋದೇ ಬುಟ್ಬುಟ್ಟೆ" ಎಂದಿದ್ದ. "ಸುಸ್ತು ಕಣೋ, ಆಮೇಲ್ ಮಾತಾಡ್ತೀನಿ" ಎಂದು ಇಟ್ಟುಬಿಟ್ಟಿದ್ದೆ. ಬೇಜಾರೇನೂ ಇರಲಿಲ್ಲ. ಅದನ್ನು ಹೇಳುವುದಕ್ಕೂ ಸುಸ್ತು, ಅಷ್ಟೆ.

ಕೊರಟಗೆರೆಯ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳುವವನು ನಾನು. ಮೊನ್ನೆ ಸಾಲಿಟಾನ್ ವಿಚಾರ ಬಂತು. ತಾಮ್ರದ ತಂತಿಯಲ್ಲಿ ಕಳಿಸಿದ ಸಂಕೇತ ದೂರ ಹೋದಂತೆ ಹರಡಿಕೊಳ್ಳುತ್ತದೆ. ಬೆನ್ನಿಗೇ ಇನ್ನೊಂದನ್ನು ಕಳಿಸಿದರೆ ಎರಡೂ ಕಲಸಿಹೋಗುತ್ತವೆ. ಗಾಜಿನ ಎಳೆಯಲ್ಲಿ ಹೋಗುವ ಸಾಲಿಟಾನ್ ಎಂಬ ಬೆಳಕಿನ ಅಲೆ ಮಾತ್ರ ಹೊರಟ ಆಕಾರದಲ್ಲೇ ಹೋಗಿ ಮುಟ್ಟುತ್ತದೆ. ಹಾಗಾಗಿ ಒತ್ತೊತ್ತಾಗಿ, ಬೇಗ ಬೇಗ ಕಳಿಸಬಹುದು. ಹುಡುಗರು ಆಕಳಿಸಿದರು. ಅವರನ್ನು ನೋಡಿ ನಾನೂ ಆಕಳಿಸಿದೆ.

ಈ ವಿಚಾರ ನಮ್ಮತ್ತೆಗೆ ಹೇಳಿದ್ದರೆ ಆಕಳಿಸುತ್ತಿರಲಿಲ್ಲ. ಅಪ್ಪನ ಅಕ್ಕ ಅವಳು, ನಮ್ಮ ಮನೆಯಲ್ಲೇ ಇದ್ದವಳು. ಫೋನಿನಲ್ಲಿ ಒಂದು ಮಾತು ಹೇಳಿ ಬಾಯಿ ಮುಚ್ಚಿ ಕಾಯುವಳು. ಹತ್ತಿರದ ಕೊಳಾಲಕ್ಕಾದರೆ ಒಂದುಸಿರು, ಪಾವಗಡದಾಚೆಯ ಕ್ಯಾತಗಾನಚೆರ್ಲಿಗಾದರೆ ಎಲೆಗೆ ಸುಣ್ಣ ಸವರಿ ಮಡಿಸುವಷ್ಟು ಹೊತ್ತು. ಯಾಕತ್ತೆ ಎಂದರೆ, "ಮಾತು ಅಲ್ಲಿಗ್ ಮುಟ್ಬೇಕು ಕಣ್ಲಾ. ಹಿಂದೇನೇ ಇನ್ನೊಂದ್ ಬುಟ್ರೆ ದಾರೀಲಿ ಡಿಕ್ಕಿ ಹೊಡೀತವೆ." ನಾವು ನಗುತ್ತಿದ್ದೆವು.

ಕ್ಯಾತಗಾನಚೆರ್ಲಿನಲ್ಲಿದ್ದವಳು ಅವಳ ತಂಗಿ, ನಮ್ಮ ಚಿಕ್ಕತ್ತೆ. ಇವಳೆಷ್ಟು ನಿಧಾನವೋ ಅವಳಷ್ಟು ಅವಸರ. ಅಜ್ಜಿ ನಮ್ಮ ಮನೆಯಲ್ಲಿ ತೀರಿಕೊಂಡಾಗ, ಚಿಕ್ಕತ್ತೆ ಬಂದು ಸೇರುವಷ್ಟರಲ್ಲಿ ಉಸಿರು ಹೋಗಿತ್ತು. ತಿಥಿ ಮುಗಿಸಿ ಊರಿಗೆ ಹೋದಮೇಲೆ ಒಂದು ಸಂಜೆ ಫೋನ್ ಮಾಡಿದಳು. ಅವಳ ಗಂಟಲು ನಡುಮನೆಗೆಲ್ಲ ಕೇಳಿಸುತ್ತಿತ್ತು: "ಅಕ್ಕಾ, ಅಮ್ಮ ಕೊನೇಗೆ ನನ್ನ ಕೇಳಿದ್ಲಾ? ನಿಜ ಚೆಪ್ಪು, ನಿಜ ಹೇಳು."

"ಅಳ್ಬ್ಯಾಡ, ಹೇಳ್ತೀನಿ" ಎಂದ ಅತ್ತೆ, ಆ ಮಾತು ಮುಟ್ಟಲೆಂದು ಎಂದಿನಂತೆ ಕಾದಳು. ಆ ಮೌನವನ್ನೇ ಚಿಕ್ಕತ್ತೆ ಉತ್ತರವೆಂದುಕೊಂಡಳು. "ಅಂದ್ರೆ ಕೇಳಿಲ್ಲ" ಎಂದು ಫೋನ್ ಇಟ್ಟಳು. "ನಿನ್ ಹೆಸ್ರೇ ಹೇಳ್ತಿದ್ಲು ಕಣೇ" ಎಂದು ಅತ್ತೆ ಹೇಳಿದ್ದು ಬರಿಯ ರಿಸೀವರಿಗೆ. ಮತ್ತೆ ಮತ್ತೆ ಡಯಲ್ ಮಾಡಿದೆವು. ಆ ಕಡೆ ಎತ್ತಲಿಲ್ಲ.

ಬೆಳಗಾಗುತ್ತಲೇ ಮಂಡಿನೋವು ಕಟ್ಟಿಕೊಂಡು ಅತ್ತೆ ಪಾವಗಡದ ಬಸ್ಸು ಹತ್ತಿದಳು. ಮಾರನೆಯ ದಿನ ಬಂದವಳನ್ನು, "ಹೇಳ್ದ್ಯಾ ಅತ್ತೆ?" ಎಂದು ಕೇಳಿದೆ.

"ಹೇಳ್ದೆ. ಇನ್ನೊಂದ್ಸಲ ಹೇಳು, ಇನ್ನೊಂದ್ಸಲ ಹೇಳು ಅಂತ ಹೇಳಿಸ್ಕೊಂಡ್ಲು."

"ಸಾರ್?" ರಹಮತ್ ಇನ್ನೂ ಕಾಯುತ್ತಿದ್ದ. "ಕಿತ್ತಾಕಪ್ಪ" ಎಂದೆ. ತಮ್ಮನ ನಂಬರ್ ಒತ್ತಲು ಹೋದವನು ಬಿಟ್ಟು, ಚಪ್ಪಲಿ ಮೆಟ್ಟಿಕೊಂಡೆ. ಮಧುಗಿರಿಯವರೆಗೂ ಬಸ್ಸಿನಲ್ಲಿ ನಿಂತೇ ಹೋದೆ. ಸುಸ್ತು ಇದ್ದೇ ಇತ್ತು. ತಮ್ಮ ಬಾಗಿಲು ತೆಗೆದ.

"ಬೇಜಾರೇನಿಲ್ಲ ಕಣೋ" ಎಂದೆ.

"ಏನಂದೆ?" ಎಂದ.

ಇನ್ನೊಂದು ಸಲ ಹೇಳಿದೆ.