ಮೋಟರಿಗಿಡುವ ಕಿವಿ

ಬೆಳಿಗ್ಗೆ ಎದ್ದ ಕೂಡಲೇ ಅವರು ಹಿತ್ತಲ ಮೆಟ್ಟಿಲ ಮೇಲೆ ಕೂತು, ಬೆಂಕಿಕಡ್ಡಿಯಿಂದ ಉಗುರುಸಂದಿಯ ವಾರ್ನಿಷ್ ಕೆರೆದು ತೆಗೆಯುತ್ತಾರೆ. ಅದು ಪೂರ್ತಿ ಹೋಗುವುದಿಲ್ಲ. ಹೋಗದೆಂದು ಅವರು ಬಿಟ್ಟವರೂ ಅಲ್ಲ. ಬೀದಿಯ ಮಕ್ಕಳಿಗೆಲ್ಲ ಅವರು ಮೋಟರ್ ಮಾವ. ಸುಟ್ಟ ಮೋಟರುಗಳ ಹಳೆ ತಂತಿ ಕಿತ್ತು ಹೊಸದು ಸುತ್ತಿ, ಅದಕ್ಕೆ ವಾರ್ನಿಷ್ ಬಳಿಯುವುದರಲ್ಲೇ ಪ್ರಾಯವೆಲ್ಲ ಕಳೆಯಿತು. ಈಗ ಜನ ಕೆಟ್ಟದ್ದನ್ನು ಎಸೆದು ಹೊಸದನ್ನೇ ಕೊಳ್ಳುತ್ತಾರೆ. ಅವರು ದುಡಿಯುವ ಅಂಗಡಿಯ ಯಜಮಾನರು ಬಾಗಿಲು ಹಾಕುವ ಮಾತಾಡಿದ್ದಾರೆ. ಅಷ್ಟರಲ್ಲಿ ದೇವರು ಕಣ್ಣು ಬಿಟ್ಟಂತೆ ನೂಲಿನ ಕಾರ್ಖಾನೆಯೊಂದರಿಂದ ಮೋಟರ್ ರಿಪೇರಿ ಕೆಲಸದ ಸಂದರ್ಶನಕ್ಕೆ ಕರೆ ಬಂತು. ನಾಳೆಯೇ ಹೋಗಬೇಕು.

ಸಂಜೆ ಹೆಂಡತಿ ಅವರ ಅಂಗಿಗೆ ಇಸ್ತ್ರಿ ಹಾಕುತ್ತಲೇ ಪ್ರಶ್ನೆ ಕೇಳತೊಡಗಿದರು.

“ನಿಮ್ಮ ಬಗ್ಗೆ ಸ್ವಲ್ಪ ಹೇಳಿ.”

“ನನ್ನ ಬಗ್ಗೆ ನಿಂಗೆ ಗೊತ್ತಿಲ್ದೆ ಇರೋದೇನಿದೆ?”

“ನಾನೀಗ ಹೆಂಡ್ತಿ ಅಲ್ಲ ರೀ, ಸಾಹೇಬ್ರು.”

“ನೀನು ಸಾಹೇಬ್ರಲ್ದೆ ಇದ್ದಿದ್ದು ಯಾವಾಗ?”

ಮೋಟರ್ ಮಾವ ನಕ್ಕರೂ ಮುಖದ ದಣಿವು ಇಳಿಯಲಿಲ್ಲ. ಬಾಯಿಮಾತಿನ ಪ್ರಶ್ನೆಗಳಿಗೆ ಅವರು ಹೆದರಿದವರಲ್ಲ. ಹೆದರಿಕೆಯೆಲ್ಲ ಅಲ್ಲಿ ಕೆಟ್ಟ ಮೋಟರೊಂದನ್ನು ಮುಂದಿಟ್ಟು ಮಾಡುವ ಪರೀಕ್ಷೆಯದು. ಓಡುವ ಮೋಟರಿನ ಮೈಗೆ ಸ್ಕ್ರೂಡ್ರೈವರಿನ ತುದಿ ಊರಿ, ಹಿಡಿಯನ್ನು ಕಿವಿಗೊತ್ತಿ, ಒಳಗಿನ ಬೇರಿಂಗ್ ಸವೆದಿದೆಯೇ ಎಂದು ಹೇಳುವುದು ಅವರ ಕಸುಬಿನ ರೀತಿ. ಅದಕ್ಕೆ ಒಗ್ಗಿದ ಬಲಗಿವಿಯೇ ಈಚೆಗೆ ಮಂದವಾಗಿದೆ. ಹೋದ ತಿಂಗಳು ಸರಿಯಿದೆ ಎಂದು ಕಳಿಸಿದ ಮೋಟರೊಂದು, ಬೇರಿಂಗ್ ಬಿಗಿದು ತಿರುಗದಂತಾಗಿ, ಹೊಸದಾಗಿ ಸುತ್ತಿದ ತಂತಿಯೆಲ್ಲ ಕರಕಲಾಗಿ ಮರಳಿ ಬಂತು. ಅಂದಿನಿಂದ ಎಡಗಿವಿಗೆ ಅಭ್ಯಾಸ ಮಾಡಿಸುತ್ತಿದ್ದಾರೆ. ಫ್ರಿಜ್ಜು, ಮಿಕ್ಸಿ, ಪಕ್ಕದ ಮನೆಯ ಪಂಪು, ಯಾವುದನ್ನೂ ಬಿಟ್ಟಿಲ್ಲ. ಎಡಗಿವಿಗೆ ಕೇಳಿಸುತ್ತದೆ, ಕೇಳಿಸಿದ್ದನ್ನು ನಂಬಲು ಮಾತ್ರ ಧೈರ್ಯ ಸಾಲದು.

ಆ ಹೊತ್ತಿಗೆ ಹೆಂಡತಿಯ ತಮ್ಮ ಬಂದ. ಅದೇ ಕಾರ್ಖಾನೆಯ ಸ್ಟೋರಿನಲ್ಲಿ ಅವನಿಗೆ ಕೆಲಸ.

“ಭಾವ, ನಾಳೆ ಪರೀಕ್ಷೆಗಿಡೋ ಮೋಟರು ನಮ್ಮ ಸ್ಟೋರಿಂದ್ಲೇ ಹೋಗಿದೆ. ಏನು ಕೆಟ್ಟಿದೆ ಅಂತ ನಂಗೊತ್ತು. ಹೇಳ್ಬಿಡ್ಲಾ? ನೀವು ಸುಮ್ನೆ ಕಿವಿ ಇಟ್ಟ ಹಾಗೆ ಮಾಡಿದ್ರಾಯ್ತು.”

ಹೆಂಡತಿಯ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ನಿಂತಿತು. “ಕೇಳ್ಕೊಳ್ರೀ, ಅವನೇನು ಹೊರಗಿನವನಾ?” ಎಂದರು.

“ಬೇಡಪ್ಪ, ಹೇಳ್ಬೇಡ. ನಾಳೆಗೆ ನೀನು ಹೇಳ್ಕೊಡ್ತೀಯ, ಸರಿ. ಆಮೇಲೆ ಬರೋ ಮೋಟರುಗಳಿಗೆ ಯಾರು ಹೇಳ್ಕೊಡ್ತಾರೆ? ಯಾವ್ದಾದ್ರೂ ಸುಟ್ಟುಹೋದ್ರೆ ಪಕ್ಕದಲ್ಲಿ ನಿಂತಿರೋರ ಗತಿ?”

“ಕೆಲ್ಸ ಕೈತಪ್ಪಿದ್ರೆ ಭಾವ?”

“ತಪ್ಲಿ. ನಂಗೆ ಕೇಳ್ಸತ್ತೋ ಇಲ್ವೋ, ಅಲ್ಲೇ ಗೊತ್ತಾಗ್ಲಿ. ನೀನು ಟೀ ಕುಡಿ, ಬೇರೆ ಮಾತಾಡು.”